ಹಳೆಯ ಡೆಕ್ಕಿನ ಲೇಪ ಕಳಚಿ ಎಣ್ಣೆ ಕುಡಿಸಿದ ಕೆಲಸ: ನ್ಯೂಜೆರ್ಸಿಯ ಒಬ್ಬ ಕಂಟ್ರಾಕ್ಟರರ ಸೇವೆಯ ವಿಮರ್ಶೆ

ನ್ಯೂಜೆರ್ಸಿಯಲ್ಲಿ ಮನೆಯ ಹಿಂಬದಿಗೆ ಮರದ ಡೆಕ್ (ಹಲಗೆ ಹಾಸಿದ ತೆರೆದ ಜಗಲಿ) ಇಟ್ಟುಕೊಂಡವರು ಒಂದಲ್ಲ ಒಂದು ವರ್ಷ ಅದನ್ನು ತೊಳೆಸಿ, ಹಳೆಯ ಬಣ್ಣ ತೆಗೆಸಿ, ಹೊಸದಾಗಿ ಸೀಲ್ ಮಾಡಿಸಲೇಬೇಕಾಗುತ್ತದೆ. ಬೇಸಿಗೆಯ ಸುಡುಬಿಸಿಲು, ಜುಲೈ ತಿಂಗಳ ಸೆಕೆ ಮತ್ತು ಗುಡುಗುಮಳೆ, ಚಳಿಗಾಲದಲ್ಲಿ ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗುವ ಹಿಮ, ಇವೆಲ್ಲಕ್ಕೂ ಮೈಯೊಡ್ಡಿ ಮಲಗಿರುವ ಹಲಗೆ ಗೋಡೆಯ ಮರದಂತೆ ವರ್ಷಗಟ್ಟಲೆ ಬಾಳುವುದಿಲ್ಲ. ಈ ಕೆಲಸವನ್ನೇ ಕಸುಬಾಗಿ ಮಾಡಿಕೊಂಡಿರುವ ಸ್ಥಳೀಯ ಕಂಟ್ರಾಕ್ಟರರೊಬ್ಬರು ನಮ್ಮ ಡೆಕ್ಕಿಗೆ ಮಾಡಿಕೊಟ್ಟದ್ದನ್ನು, ಅದು ಎರಡು ಚಳಿಗಾಲ ದಾಟಿದ ಮೇಲೆ, ಇಲ್ಲಿ ವಿಮರ್ಶಿಸುತ್ತಿದ್ದೇನೆ. ಕೆಲವು ಲೋಪಗಳನ್ನೂ ಬರೆಯಲಿರುವುದರಿಂದ ಅವರ ಹೆಸರು ಹೇಳುತ್ತಿಲ್ಲ. ಬೇರೆ ಊರಿನ ಓದುಗರಿಗೆ ಆ ಹೆಸರಿನಿಂದ ಆಗಬೇಕಾದ್ದೂ ಇಲ್ಲ. ನನ್ನ ತೀರ್ಪನ್ನು ಮೊದಲೇ ತಿಳಿಸುತ್ತೇನೆ: ಕೆಲಸ ಉತ್ತಮವಾಗಿದೆ, ದರ ಹೆಚ್ಚೆನಿಸಿದರೂ ನ್ಯಾಯವಾದದ್ದು, ಮತ್ತು ಆ ದರದ ಬಹುಪಾಲು ಸಂದಿರುವುದು ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೆ ಮುಂಚೆ ನಡೆದ ಕೆಲಸಕ್ಕೆ.

ಮನೆ 2006ರಲ್ಲಿ ಕಟ್ಟಿದ್ದು, ಡೆಕ್ಕೂ ಅದೇ ಕಾಲದ್ದು. ಸುಮಾರು 320 ಚದರ ಅಡಿಯ ನೆಲ, ಸುತ್ತ ಉದ್ದುದ್ದ ಕಡ್ಡಿಗಳ ರೇಲಿಂಗ್, ಹಿತ್ತಲಿಗೆ ಇಳಿಯುವ ಮೆಟ್ಟಿಲು. ಅಮೆರಿಕದ ಪೂರ್ವ ಭಾಗದ ಬಹುತೇಕ ಡೆಕ್ಕುಗಳಂತೆ ಇದೂ ಗೆದ್ದಲು, ಕೊಳೆ ಹಿಡಿಯದಂತೆ ಸಂರಕ್ಷಕ ದ್ರಾವಣವನ್ನು ಒತ್ತಡದಲ್ಲಿ ಒಳಗೆ ತುಂಬಿದ ಹಳದಿ ಪೈನ್ ಮರದ್ದು. ಕಟ್ಟಿದ ವರ್ಷ ಗೊತ್ತಿರುವುದು ಇಲ್ಲಿ ಮುಖ್ಯ. 2003ರ ಕೊನೆಯವರೆಗೂ ಮನೆಬಳಕೆಯ ಮರಕ್ಕೆ ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ತುಂಬುತ್ತಿದ್ದರು. ಅಂಥ ಹಲಗೆಯನ್ನು ಉಜ್ಜಿದರೆ ಏಳುವ ಪುಡಿಯಲ್ಲಿ ಆರ್ಸೆನಿಕ್ ಇರುತ್ತದೆ, ಅದರ ಚೂರುಗಳನ್ನು ಸುಡುವುದಂತೂ ಅಪಾಯಕರ. 2004ರಿಂದ ಈಚೆಗೆ ಮನೆಗಳಿಗೆ ಬಂದದ್ದು ಹೆಚ್ಚಾಗಿ ತಾಮ್ರವನ್ನೇ ಆಧರಿಸಿದ, ಆರ್ಸೆನಿಕ್ ಇಲ್ಲದ ಸಂರಕ್ಷಕಗಳು. ನಾವು ದರ ಕೇಳಿದ ಮೂವರಲ್ಲಿ ಡೆಕ್ ಯಾವ ವರ್ಷದ್ದೆಂದು ಕೇಳಿದವರು ಇವರೊಬ್ಬರೇ, ಅದೂ ಅಳತೆಪಟ್ಟಿ ಬಿಚ್ಚುವುದಕ್ಕೆ ಮುಂಚೆ. ಉಳಿದ ಇಬ್ಬರ ಪೈಕಿ ಒಬ್ಬರು ಫೋಟೊ ನೋಡಿಯೇ ದರ ಕಳಿಸಿದರು.

ಆ ದರಗಳ ಅಂತರವೇ ಮೊದಲಿಗೆ ನಮ್ಮನ್ನು ಗೊಂದಲಕ್ಕೆ ಕೆಡವಿತು. ಕಡಿಮೆ ಕೇಳಿದವರದು ಸುಮಾರು 900 ಡಾಲರ್, ಇವರದು ಸುಮಾರು 2,400. ಕಡಿಮೆ ದರದ ಪತ್ರದಲ್ಲಿ ಇದ್ದದ್ದು ಎರಡೇ ಸಾಲು: ಪ್ರೆಷರ್ ವಾಷರಿನಿಂದ ತೊಳೆಯುವುದು, ಮರುದಿನ ಸೀಲರ್ ಸಿಂಪಡಿಸುವುದು. ಇವರ ಪತ್ರದಲ್ಲಿ ಯಾವ ರಾಸಾಯನಿಕವನ್ನು ಎಲ್ಲಿ ಬಳಸುತ್ತಾರೆ, ಎಷ್ಟು ತೇವಕ್ಕಿಂತ ಮೇಲಿದ್ದರೆ ಎಣ್ಣೆ ಹಚ್ಚುವುದಿಲ್ಲ, ಯಾವ ಹಲಗೆಗಳನ್ನು ಬದಲಿಸಬೇಕು ಎಂಬುದೆಲ್ಲ ಇತ್ತು. ನಮ್ಮ ಡೆಕ್ಕಿನ ಮುಖ್ಯ ತೊಂದರೆ ಕೊಳೆಯಾಗಿರಲಿಲ್ಲ; ಹಿಂದಿನ ಮಾಲೀಕರು ಹಲಗೆಯ ಬಣ್ಣವೇ ಕಾಣದಂತೆ ಬಳಿಸಿದ್ದ ದಪ್ಪ ಅಕ್ರಿಲಿಕ್ ಲೇಪ ಆಗಿತ್ತು. ಅಂಥ ಲೇಪ ಮರದ ಮೇಲೆ ಒಂದು ಪೊರೆಯಾಗಿ ಕೂರುತ್ತದೆ. ಮರ ತೇವ ಕುಡಿದು ಹಿಗ್ಗಿ, ಒಣಗಿ ಕುಗ್ಗುವಾಗ ಪೊರೆ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಅದೇ ಪೊರೆಯ ಕೆಳಗೆ ಸಿಕ್ಕಿಬಿದ್ದು ಹೊರಬರಲಾರದೆ ಚಕ್ಕೆ ಎಬ್ಬಿಸುತ್ತದೆ, ಕಾಲಕ್ರಮದಲ್ಲಿ ಹಲಗೆಯನ್ನೇ ಕೊಳೆಸುತ್ತದೆ. ಇದರ ಮೇಲೆ ಇನ್ನೊಂದು ಕೋಟ್ ಬಳಿಯುವುದೆಂದರೆ ಕಳಚಿ ಬೀಳಲಿರುವ ಪದರಕ್ಕೆ ಹೊಸ ಬಣ್ಣ ಅಂಟಿಸುವುದು.

ಮೊದಲ ಭೇಟಿಯ ತಪಾಸಣೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಸ್ಕ್ರೂಡ್ರೈವರಿನ ಮೊನೆಯಿಂದ ಹಲಗೆಗಳ ತುದಿ, ಕಂಬಗಳ ಬುಡ, ಮೆಟ್ಟಿಲಿನ ಮೂಲೆಗಳನ್ನು ಚುಚ್ಚಿ ಎಲ್ಲಿ ಮೆತ್ತಗಾಗಿದೆ ಎಂದು ನೋಡಿದರು. ಡೆಕ್ಕನ್ನು ಮನೆಯ ಗೋಡೆಗೆ ಬೋಲ್ಟ್ ಹಾಕಿ ಹಿಡಿದಿರುವ ಲೆಡ್ಜರ್ ಹಲಗೆಯ ಹಿಂದೆ ನೀರು ಇಳಿಯದಂತೆ ತಗಡು ಮಡಚಿ ಕೂರಿಸಿದ್ದಾರೆಯೇ ಎಂದು ಕೆಳಗೆ ನುಸುಳಿ ಪರೀಕ್ಷಿಸಿದರು. ಡೆಕ್ ಕುಸಿದು ಜನರಿಗೆ ಪೆಟ್ಟಾಗುವ ಪ್ರಸಂಗಗಳಲ್ಲಿ ದೋಷ ಬಹಳಷ್ಟು ಸಲ ಸಿಗುವುದು ಆ ಸೇರುವೆಯಲ್ಲಿಯೇ. ಕಪ್ಪಾಗಿದ್ದ ಒಂದು ಕಡೆ ಬಟ್ಟೆಗೆ ಬಳಸುವ ಬ್ಲೀಚಿನ ಒಂದು ಹನಿ ಬಿಟ್ಟರು: ಕಪ್ಪು ತಿಳಿಯಾದರೆ ಬೂಷ್ಟು, ಹಾಗೆಯೇ ಉಳಿದರೆ ಕೊಳೆ ಅಥವಾ ಕಬ್ಬಿಣದ ಕಲೆ. ಮೊಳೆಗಳ ಸುತ್ತ ಇಳಿದಿದ್ದ ಕಪ್ಪು ಗೆರೆಗಳು ಹಾಗೆಯೇ ಉಳಿದವು. ತಾಮ್ರ ಹೆಚ್ಚಿರುವ ಸಂರಕ್ಷಕ ಸಾಮಾನ್ಯ ಉಕ್ಕನ್ನು ಬೇಗ ತಿನ್ನುತ್ತದೆ. ಅದಕ್ಕಾಗಿಯೇ ಇಂಥ ಮರಕ್ಕೆ ಬಿಸಿ ಸತುವಿನಲ್ಲಿ ಅದ್ದಿದ ಅಥವಾ ಸ್ಟೇನ್‌ಲೆಸ್ ಉಕ್ಕಿನ ಮೊಳೆ, ತಿರುಪುಗಳನ್ನೇ ಬಳಸಬೇಕು. ನಮ್ಮಲ್ಲಿ ಯಾರೋ ರಿಪೇರಿಯ ಹೊತ್ತಿಗೆ ಕೈಗೆ ಸಿಕ್ಕ ಮೊಳೆ ಹೊಡೆದಿದ್ದರು. ಅವನ್ನು ಕಿತ್ತು ಬದಲಿಸುವ ಖರ್ಚನ್ನು ಅವರು ಬೇರೆಯಾಗಿ ತೋರಿಸಿದರು, ಒತ್ತಾಯ ಮಾಡಲಿಲ್ಲ.

ಅವರ ಅತ್ಯುತ್ತಮ ಸಲಹೆ ಅವರದೇ ಬಿಲ್ಲನ್ನು ಇಳಿಸಿತು. ರೇಲಿಂಗಿನ ಒಂದೊಂದು ಕಡ್ಡಿಯ ನಾಲ್ಕೂ ಮುಖದಿಂದ ಅಕ್ರಿಲಿಕ್ ತೆಗೆಯುವುದು ಕೂಲಿ ನುಂಗುವ ಕೆಲಸ. ನೆಲಕ್ಕಿಂತ ರೇಲಿಂಗಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ನೆಟ್ಟಗೆ ನಿಂತ ಮರದ ಮೇಲೆ ನೀರು ನಿಲ್ಲುವುದಿಲ್ಲ, ಕಾಲಿನ ಸವೆತವೂ ಇಲ್ಲ, ಆದ್ದರಿಂದ ಅಲ್ಲಿ ಪೊರೆಯ ಬಣ್ಣವೂ ಬಾಳುತ್ತದೆ. ರೇಲಿಂಗನ್ನು ತೊಳೆದು, ಸಡಿಲವಾದದ್ದನ್ನು ಕೆರೆದು ಮತ್ತೆ ಬಿಳಿಯ ಗಟ್ಟಿ ಬಣ್ಣವನ್ನೇ ಬಳಿಯೋಣ, ನೆಲಕ್ಕೂ ಮೆಟ್ಟಿಲಿಗೂ ಮಾತ್ರ ಪೂರ್ತಿ ಕಳಚಿ ಎಣ್ಣೆ ಕುಡಿಸೋಣ ಎಂದರು. ಮೇಲೆ ಹೇಳಿದ ದರ ಈ ವ್ಯವಸ್ಥೆಯದೇ. ಎಲ್ಲವನ್ನೂ ಕಳಚುವುದಾಗಿದ್ದರೆ ಇನ್ನೂ ಸಾವಿರ ಡಾಲರಿನಷ್ಟು ಏರುತ್ತಿತ್ತು.

ಕಳಚುವ ಕೆಲಸವೇ ಈ ವಿಮರ್ಶೆಯ ತಿರುಳು. ಬಳಸಿದ ಸ್ಟ್ರಿಪ್ಪರಿನ, ಅಂದರೆ ಬಣ್ಣ ಕಳಚುವ ದ್ರಾವಣದ, ಮುಖ್ಯ ಅಂಶ ಕಾಸ್ಟಿಕ್ ಸೋಡಾ. ಎಣ್ಣೆ ಆಧಾರದ ಹಳೆಯ ಬಣ್ಣವನ್ನು ಇದು ಸಲೀಸಾಗಿ ಕರಗಿಸುತ್ತದೆ. ಅಕ್ರಿಲಿಕ್ಕಿನ ಮುಂದೆ ಬೆವರಿಳಿಸಬೇಕಾಗುತ್ತದೆ. ಹಿಂದೆ ಇಂಥ ಮೊಂಡು ಬಣ್ಣಕ್ಕೆ ಮೀಥೈಲೀನ್ ಕ್ಲೋರೈಡ್ ಎಂಬ ದ್ರಾವಕ ಇದ್ದ ಡಬ್ಬಿಯನ್ನು ಅಂಗಡಿಯಿಂದ ಯಾರು ಬೇಕಾದರೂ ತರಬಹುದಿತ್ತು. ಅದರ ಆವಿಯಿಂದ ಸಾವುಗಳು ಸಂಭವಿಸಿದ್ದರಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ಮನೆಬಳಕೆಯ ಬಣ್ಣ ತೆಗೆಯುವ ದ್ರಾವಣಗಳಲ್ಲಿ ಅದನ್ನು ನಿಷೇಧಿಸಿತು. ಕೆಲಸಗಾರರು ಮೋಡ ಕವಿದ ಬೆಳಿಗ್ಗೆಯನ್ನು ಆರಿಸಿ, ದ್ರಾವಣವನ್ನು ದಪ್ಪಗೆ ಹಚ್ಚಿ, ಒಣಗದಂತೆ ಆಗಾಗ ನೀರಿನ ಮಂಜು ಸಿಂಪಡಿಸುತ್ತ ಬಣ್ಣ ಸುಕ್ಕುಗಟ್ಟುವವರೆಗೂ ಬಿಟ್ಟರು. ಬಿಸಿಲಿನಲ್ಲಿ ಹಚ್ಚಿದರೆ ಸ್ಟ್ರಿಪ್ಪರ್ ಒಣಗಿಹೋಗಿ, ಮೆತ್ತಗಾಗಿದ್ದ ಬಣ್ಣ ಮತ್ತೆ ಅಲ್ಲಿಯೇ ಅಂಟಿಕೊಳ್ಳುತ್ತದೆ. ಆಮೇಲೆ ಗಡುಸು ಬ್ರಷ್ಷಿನಿಂದ ಮರದ ನಾರು ಹೋದ ದಿಕ್ಕಿನಲ್ಲೇ ತಿಕ್ಕಿ ತೊಳೆದರು. ಒಂದು ಸುತ್ತಿನಲ್ಲಿ ಮುಗಿಯಲಿಲ್ಲ; ನೆಲದ ಹೆಚ್ಚಿನ ಭಾಗಕ್ಕೆ ಎರಡನೆಯ ಸಲವೂ ಹಚ್ಚಬೇಕಾಯಿತು, ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ.

ಪ್ರೆಷರ್ ವಾಷರನ್ನು ಅವರು ಬಳಸಿದ ರೀತಿಯೇ ಪಳಗಿದ ಕೈಯ ಗುರುತು. ಪೈನಿನಂಥ ಮೆದು ಮರಕ್ಕೆ ಚದರ ಇಂಚಿಗೆ 500ರಿಂದ 600 ಪೌಂಡ್ ಒತ್ತಡ ಸಾಕು, ನೀರು ಬೀಸಣಿಗೆಯಾಗಿ ಹರಡುವ ಅಗಲ ಮೂತಿ ಬೇಕು, ಮತ್ತು ಮೂತಿಯನ್ನು ಹಲಗೆಗೆ ತೀರಾ ಹತ್ತಿರ ಒಯ್ಯಬಾರದು. ಬಾಡಿಗೆಗೆ ಸಿಗುವ ಯಂತ್ರಗಳಲ್ಲಿ 3,000 ಪೌಂಡ್ ಒತ್ತಡ ಸಾಮಾನ್ಯ. ಅದನ್ನು ಚೂಪು ಮೂತಿಯಿಂದ ಹಾಯಿಸಿದರೆ ವಸಂತದಲ್ಲಿ ಬೆಳೆದ ಮೆದು ನಾರು ಕಿತ್ತುಹೋಗಿ, ಹಲಗೆಯ ಮೇಲೆ ಏಣು ಎದ್ದು, ಬರಿಗಾಲಿಗೆ ಸಿಬಿರು ಚುಚ್ಚುವ ನೆಲ ಉಳಿಯುತ್ತದೆ. ನಮ್ಮ ಬೀದಿಯಲ್ಲಿಯೇ ಹಾಗೆ ಉತ್ತಂತಾಗಿರುವ ಡೆಕ್ಕೊಂದಿದೆ. ಇವರು ರಾಸಾಯನಿಕಕ್ಕೆ ಕೆಲಸ ಮಾಡಲು ಬಿಟ್ಟು, ನೀರನ್ನು ತೊಳೆಯುವುದಕ್ಕೆ ಮಾತ್ರ ಬಳಸಿದರು.

ರೇಲಿಂಗಿಗೆ ಬಳಸಿದ್ದು ಆಮ್ಲಜನಕದ ಬ್ಲೀಚ್ ಎಂದು ಕರೆಯುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ. ನೀರಿಗೆ ಬಿದ್ದೊಡನೆ ಇದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಕೆಲವೇ ಗಂಟೆಗಳಲ್ಲಿ ಕಸುವು ಕಳೆದುಕೊಳ್ಳುವುದರಿಂದ ಆಗಾಗ ಹೊಸದಾಗಿ ಕಲಸಿಕೊಳ್ಳಬೇಕು. ಬಟ್ಟೆಯ ಬ್ಲೀಚಿಗಿಂತ ಮರಕ್ಕೂ ಗಿಡಕ್ಕೂ ಸೌಮ್ಯ.

ಕಾಸ್ಟಿಕ್ ಸೋಡಾ ಹಾಯ್ದ ಮರ ಕಪ್ಪಗೆ, ಸುಟ್ಟಂತೆ ಕಾಣುತ್ತದೆ, ಮತ್ತು ಅದರಲ್ಲಿ ಉಳಿದ ಕ್ಷಾರ ಮುಂದೆ ಹಚ್ಚುವ ಎಣ್ಣೆಯನ್ನು ಕೆಡಿಸುತ್ತದೆ. ಆದ್ದರಿಂದ ಸ್ಟ್ರಿಪ್ಪರ್ ತೊಳೆದ ಮೇಲೆ, ಮರ ಇನ್ನೂ ಹಸಿಯಾಗಿರುವಾಗಲೇ, ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಹಾಯಿಸಿದರು. ಬ್ರೈಟನರ್ ಎಂದು ಮಾರುವುದು ಹೆಚ್ಚಾಗಿ ಇದನ್ನೇ. ಇದು ಕ್ಷಾರವನ್ನು ಶಮನ ಮಾಡುವುದರ ಜೊತೆಗೆ ಮೊಳೆಯ ಕಪ್ಪು ಗೆರೆಗಳನ್ನೂ ಕರಗಿಸುತ್ತದೆ. ಆ ಅರ್ಧ ಗಂಟೆಯಲ್ಲಿ ಹಲಗೆ ಕಪ್ಪಿನಿಂದ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಿದ ಮೇಲೆ ಡೆಕ್ ಬದಲಿಸಬೇಕೆಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಕಡಿಮೆ ದರದ ಗುತ್ತಿಗೆಗಳಲ್ಲಿ ಮೊದಲು ಬಿಟ್ಟುಹೋಗುವುದು ಈ ಹಂತವೇ. ಕೆಲಸ ಕೊಡುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ, ಸ್ಟ್ರಿಪ್ಪರಿನ ನಂತರ ಯಾವ ಆಮ್ಲ ಹಾಕುತ್ತೀರಿ ಎಂದು ಕೇಳಿ.

ಗಿಡಗಳ ವಿಷಯದಲ್ಲಿ ಎಚ್ಚರ ತಕ್ಕಮಟ್ಟಿಗೆ ಇತ್ತು. ಡೆಕ್ಕಿನ ಅಂಚಿನ ಹೈಡ್ರೇಂಜ ಪೊದೆಗಳನ್ನು ಮೊದಲೇ ಚೆನ್ನಾಗಿ ನೆನೆಸಿ, ಪ್ಲಾಸ್ಟಿಕ್ ಹೊದಿಸಿ, ತೊಳೆದು ಮುಗಿದೊಡನೆ ಹೊದಿಕೆ ತೆಗೆದರು; ಬಿಸಿಲು ಬಿದ್ದರೆ ಪ್ಲಾಸ್ಟಿಕ್ಕಿನ ಒಳಗೆ ಗಿಡ ಬೆಂದುಹೋಗುತ್ತದೆ. ಕುಂಡಗಳನ್ನು ಸರಿಸುವುದು ಮನೆಯವರ ಹೊಣೆ ಎಂದು ಪತ್ರದಲ್ಲೇ ಇತ್ತು. ಇಲ್ಲಿನ ಕನ್ನಡಿಗರ ಡೆಕ್ಕುಗಳಲ್ಲಿ ಬೇಸಿಗೆಯುದ್ದಕ್ಕೂ ತುಳಸಿ, ಕರಿಬೇವಿನ ಕುಂಡಗಳಿಗೆ ಬರವಿಲ್ಲದ್ದರಿಂದ ಇದನ್ನು ನೆನಪಿಡುವುದು ಒಳ್ಳೆಯದು. ಸ್ಟ್ರಿಪ್ಪರಿನ ಸಿಡಿತ ಬಿದ್ದ ಎಲೆಯನ್ನು ಒಗ್ಗರಣೆಗೆ ಹಾಕುವಂತಿಲ್ಲ.

ಇನ್ನು ಲೋಪಗಳು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಲೋಹವನ್ನು ತಿನ್ನುತ್ತದೆ ಎಂಬುದು ಈ ಕಸುಬಿನ ಮೊದಲ ಪಾಠಗಳಲ್ಲೊಂದು. ಡೆಕ್ಕಿಗೆ ತೆರೆಯುವ ಗಾಜಿನ ಜಾರುಬಾಗಿಲಿನ ಹೊಸ್ತಿಲು ಅಲ್ಯೂಮಿನಿಯಮ್ಮಿನದು. ಅದಕ್ಕೆ ಅಂಟುಪಟ್ಟಿ, ಪ್ಲಾಸ್ಟಿಕ್ ಹಚ್ಚಿದ್ದರೂ ಒಂದು ಮೂಲೆ ಎದ್ದು ದ್ರಾವಣ ಒಳಗೆ ನುಸುಳಿತು, ಅಂಗೈಯಗಲದ ಬೂದು ಕಲೆ ಉಳಿಯಿತು. ಕೆಲಸಗಾರರು ಅದನ್ನು ಹೇಳಲಿಲ್ಲ, ಸಂಜೆ ನಾವೇ ಕಂಡೆವು. ಫೋನ್ ಮಾಡಿದ ಮೇಲೆ ಕಂಟ್ರಾಕ್ಟರರು ಬಂದು ನೋಡಿ, ವಾದ ಮಾಡದೆ ಕೊನೆಯ ಕಂತಿನಲ್ಲಿ 150 ಡಾಲರ್ ಕಡಿಮೆ ಮಾಡಿದರು. ಪರಿಹಾರ ಸರಿಯಾಗಿದೆ, ಮುಚ್ಚಿಟ್ಟದ್ದು ಸರಿಯಲ್ಲ. ರೇಲಿಂಗಿನ ಕೆಲಸದಲ್ಲೂ ನೆಲದ ಕೆಲಸದ ಶ್ರದ್ಧೆ ಕಾಣಲಿಲ್ಲ: ಕಡ್ಡಿಗಳ ಒಳಮೈಯಲ್ಲಿ ಬಿಳಿ ಬಣ್ಣ ಇಳಿದು ಗಟ್ಟಿಯಾದ ಹನಿಗಳು ಇವತ್ತಿಗೂ ಇವೆ. ನೆಲ ಮಾಡಿದವರು ಹಳಬರು, ರೇಲಿಂಗ್ ಬಳಿದವರು ಬೇಸಿಗೆಗಷ್ಟೇ ಸೇರಿದ ಹುಡುಗರು ಎಂಬುದು ನೋಡಿದರೆ ತಿಳಿಯುತ್ತಿತ್ತು. ಸಂದೇಶಗಳಿಗೆ ಉತ್ತರ ಬರುವುದು ನಿಧಾನ. ಯಾವ ದಿನ ಬರುತ್ತಾರೆ ಎಂಬುದು ಹಿಂದಿನ ರಾತ್ರಿಯವರೆಗೂ ಖಚಿತವಾಗುತ್ತಿರಲಿಲ್ಲ.

ಹಾಗೆಂದು ಎಲ್ಲ ತಡವೂ ಲೋಪವಲ್ಲ. ತೊಳೆದ ಮೇಲೆ ಒಣಗಲು ಬಿಟ್ಟ ಹೊತ್ತಿನಲ್ಲಿ ನಡುವೆ ಮಳೆ ಬಂತು, ಮನೆಗೆ ನೆಂಟರು ಬರುವ ವಾರಾಂತ್ಯವೂ ಹತ್ತಿರವಾಯಿತು. ಅದಕ್ಕೆ ಮುಂಚೆ ಮುಗಿಸಿಕೊಡಲು ಸಾಧ್ಯವೇ ಎಂದು ಕೇಳಿದಾಗ ಅವರು ಬಂದು ತೇವಮಾಪಕದ ಎರಡು ಮುಳ್ಳುಗಳನ್ನು ಹಲವು ಹಲಗೆಗಳಿಗೆ ಚುಚ್ಚಿ, ಶೇಕಡಾ 15ಕ್ಕಿಂತ ಮೇಲಿದೆ, ಈಗ ಹಚ್ಚುವುದಿಲ್ಲ ಎಂದು ಹೇಳಿ ಹೊರಟುಹೋದರು. ನೀರು ತುಂಬಿದ ನಾರಿನೊಳಗೆ ಎಣ್ಣೆಗೆ ಜಾಗವಿರುವುದಿಲ್ಲ. ಮೇಲೆಯೇ ನಿಂತು ಅಂಟಂಟಾಗುತ್ತದೆ. ನೆಂಟರು ಬಣ್ಣವಿಲ್ಲದ ಡೆಕ್ಕಿನ ಮೇಲೆಯೇ ಕುಳಿತು ಕಾಫಿ ಕುಡಿದರು. ತಮ್ಮ ಮುಂದಿನ ಕೆಲಸಗಳ ಸರದಿಯನ್ನು ಕೆಡಿಸಿಕೊಂಡೂ ಹಿಂದಕ್ಕೆ ಹೋಗುವ ಕಂಟ್ರಾಕ್ಟರರನ್ನು ನಾನು ನಂಬುತ್ತೇನೆ.

ಒಣಗಿದ ಮೇಲೆ ಉಜ್ಜುವ ಕೆಲಸ. ಇಲ್ಲಿ ಬಡಗಿಗಳ ರೂಢಿಗೆ ವಿರುದ್ಧವಾದ ಒಂದು ಸಂಗತಿ ಇದೆ: ಮೇಜು ಕುರ್ಚಿಯಂತೆ ನಯವಾಗಿ ಉಜ್ಜಿದರೆ ನಾರಿನ ಬಾಯಿ ಮುಚ್ಚಿಹೋಗಿ ಎಣ್ಣೆ ಒಳಗಿಳಿಯುವುದಿಲ್ಲ. ಆದ್ದರಿಂದ 60ರಿಂದ 80ನೇ ನಂಬರಿನ ಒರಟು ಕಾಗದದಲ್ಲೇ ನಿಲ್ಲಿಸಬೇಕು. ಅಲ್ಲಲ್ಲಿ ಉಳಿದಿದ್ದ ಅಕ್ರಿಲಿಕ್ ತುಣುಕುಗಳೂ ಈ ಹಂತದಲ್ಲಿ ಹೋದವು. ಅವರು ಎಲ್ಲ ಮೊಳೆಗಳ ತಲೆಗಳನ್ನೂ ಒಳಕ್ಕೆ ಬಡಿದು, ಉಜ್ಜಿ, ಪುಡಿಯನ್ನು ಗಾಳಿಯಂತ್ರದಿಂದ ಹಾರಿಸಿದರು. ಪಕ್ಕದ ಮನೆಯವರ ಕಾರಿನ ಮೇಲೆ ಅದು ಕೂತದ್ದಕ್ಕೆ ಕ್ಷಮೆ ಕೇಳಿದವರು ನಾವು.

ಹಚ್ಚಿದ್ದು ಎಣ್ಣೆ ಆಧಾರದ, ಮರದ ನಾರು ಕಾಣುವಷ್ಟು ಅರೆಪಾರದರ್ಶಕವಾದ ಸ್ಟೇನ್, ಅಂದರೆ ಮರದೊಳಗೆ ಇಳಿಯುವ ಬಣ್ಣ. ನಮಗೆ ಬಣ್ಣವೇ ಇಲ್ಲದ ಪಾರದರ್ಶಕ ಸೀಲರ್ ಇಷ್ಟವಾಗಿತ್ತು, ಅವರು ಒಪ್ಪಲಿಲ್ಲ. ಕಾರಣ ಸರಿಯಾದದ್ದೇ: ಮರವನ್ನು ಬೂದಿಬಣ್ಣಕ್ಕೆ ತಿರುಗಿಸುವುದು ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣ. ಅದು ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುತ್ತದೆ, ಆ ಕಿರಣವನ್ನು ತಡೆಯಬಲ್ಲದ್ದು ಸ್ಟೇನಿನಲ್ಲಿರುವ ವರ್ಣಕದ ಕಣ. ನೀರಿನ ಹನಿ ಮುತ್ತಿನಂತೆ ನಿಂತಿತು ಎಂಬ ಜಾಹೀರಾತಿನ ಚಿತ್ರ ಬಿಸಿಲಿನ ಬಗ್ಗೆ ಏನೂ ಹೇಳುವುದಿಲ್ಲ. ಮೇಣ ಹೆಚ್ಚಿರುವ ಅಂಥ ಕೆಲವು ಸೀಲರುಗಳ ಮೇಲೆ ಮುಂದೆ ಬೇರೆ ಲೇಪ ಹಿಡಿಯುವುದೂ ಕಷ್ಟ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ 1910ರಲ್ಲಿ ಆರಂಭವಾದ ಅಮೆರಿಕ ಸರ್ಕಾರದ ಅರಣ್ಯ ಉತ್ಪನ್ನ ಪ್ರಯೋಗಾಲಯ ಡೆಕ್ಕುಗಳಿಗೆ ಪೊರೆ ಕಟ್ಟುವ ಲೇಪ ಬೇಡ, ಒಳಗಿಳಿಯುವ ಸ್ಟೇನ್ ಒಳ್ಳೆಯದು ಎಂದು ಬಹುಕಾಲದಿಂದ ಹೇಳುತ್ತ ಬಂದಿದೆ. ನಮ್ಮ ಕರಾವಳಿಯವರಿಗೆ ಈ ವಾದ ಹೊಸದೆನಿಸದು. ಮಾಡಿನ ಪಕ್ಕಾಸುಗಳಿಗೆ ಗೇರೆಣ್ಣೆ ಬಳಿಯುವಾಗಲೂ ಎಣ್ಣೆ ಒಳಗಿಳಿಯಲಿ ಎಂಬುದೇ ಉದ್ದೇಶ.

ಹಚ್ಚಿದ ಕ್ರಮವೂ ಅಚ್ಚುಕಟ್ಟಾಗಿತ್ತು. ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ರಜೆ ಕಳೆದ ಮೇಲಿನ ದಿನಗಳನ್ನು ಅವರು ಬೇಕೆಂದೇ ಆರಿಸಿದ್ದರು: ಮೇ ತಿಂಗಳಲ್ಲಿ ಓಕ್ ಮರಗಳ ಪರಾಗ ಹಸಿ ಎಣ್ಣೆಗೆ ಮೆತ್ತುತ್ತದೆ, ಅಕ್ಟೋಬರ್ ಕೊನೆಗೆ ಎಲೆ ಉದುರುತ್ತದೆ, ರಾತ್ರಿಯ ತಂಪು 50 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಎಣ್ಣೆ ಒಣಗುವುದು ತಡವಾಗುತ್ತದೆ. ಒಬ್ಬರು ಪ್ಯಾಡಿನಿಂದ ಎರಡು ಮೂರು ಹಲಗೆಗಳನ್ನು ತುದಿಯಿಂದ ತುದಿಯವರೆಗೆ ಹಚ್ಚುತ್ತ ಹೋದರೆ ಹಿಂದಿನಿಂದ ಇನ್ನೊಬ್ಬರು ಬ್ರಷ್ಷಿನಿಂದ ಒತ್ತಿ ತಿಕ್ಕಿ, ಮರ ಕುಡಿಯದೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದರು. ಹಲಗೆಯ ನಡುವೆ ನಿಲ್ಲಿಸಿದರೆ ಎರಡು ಪದರ ಸೇರಿದ ಕಡೆ ಗಾಢ ಗೆರೆ ಉಳಿಯುತ್ತದೆ. ನಮ್ಮ ನೆಲದಲ್ಲಿ ಅಂಥ ಗೆರೆ ಒಂದೂ ಇಲ್ಲ. ಒರೆಸಿದ ಬಟ್ಟೆಗಳನ್ನು ನೀರು ತುಂಬಿದ ಲೋಹದ ಡಬ್ಬಿಗೆ ಹಾಕಿ ಮುಚ್ಚಿ ತಾವೇ ಒಯ್ದರು. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಸ್ವಂತ ಕೈಯಿಂದ ಈ ಕೆಲಸ ಮಾಡುವವರು ಗರಾಜಿನ ಕಸದ ಡಬ್ಬಿಗೆ ಅದನ್ನು ಹಾಕಲೇಬಾರದು.

ಕಾಗದಪತ್ರದ ಬಗ್ಗೆ ಒಂದೆರಡು ಮಾತು. ನ್ಯೂಜೆರ್ಸಿಯಲ್ಲಿ ಮನೆ ದುರಸ್ತಿಯ ಕಂಟ್ರಾಕ್ಟರರು ರಾಜ್ಯದ ಗ್ರಾಹಕ ವ್ಯವಹಾರಗಳ ವಿಭಾಗದಲ್ಲಿ ನೋಂದಾಯಿಸಿಕೊಂಡಿರಬೇಕು, 500 ಡಾಲರ್ ಮೀರಿದ ಕೆಲಸಕ್ಕೆ ಲಿಖಿತ ಒಪ್ಪಂದ ಇರಬೇಕು, ಸಹಿ ಮಾಡಿದ ಗ್ರಾಹಕರು ಮೂರು ಕೆಲಸದ ದಿನಗಳೊಳಗೆ ಅದನ್ನು ರದ್ದು ಮಾಡಬಹುದು. ಇವರ ಪತ್ರದಲ್ಲಿ ನೋಂದಣಿ ಸಂಖ್ಯೆಯೂ ವಿಮೆಯ ಪ್ರತಿಯೂ ಇದ್ದವು. ಗ್ಯಾರಂಟಿ ಮಾತ್ರ ನೆಲಕ್ಕೆ ಒಂದೇ ವರ್ಷ. ಐದು ವರ್ಷ, ಹತ್ತು ವರ್ಷ ಎಂದು ಡಬ್ಬಿಯ ಮೇಲೆ ಮುದ್ರಿಸುವ ಕಾಲದಲ್ಲಿ ಇದು ಜಿಪುಣತನದಂತೆ ಕಂಡರೂ ನೆಲಕ್ಕೆ ಹಾಸಿದ ಮರದ ಮಟ್ಟಿಗೆ ಪ್ರಾಮಾಣಿಕವಾದದ್ದು ಇದೇ.

ಎರಡು ಚಳಿಗಾಲದ ನಂತರ ನೆಲದ ಮೇಲೆ ಎಲ್ಲಿಯೂ ಚಕ್ಕೆ ಎದ್ದಿಲ್ಲ, ಏಳಲು ಅಲ್ಲಿ ಪೊರೆಯೇ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಮೆಟ್ಟಿಲುಗಳು ಮತ್ತು ಹಿಮ ಎತ್ತುವ ಸಲಿಕೆ ಹೆಚ್ಚು ಓಡಾಡಿದ ದಾರಿ ಮಾಸಿವೆ. ಅಲ್ಲಿ ನೀರು ಚೆಲ್ಲಿದರೆ ಮರ ಹೀರಿಕೊಳ್ಳುತ್ತದೆ. ಗ್ರಿಲ್ ಇಟ್ಟ ಮೂಲೆ, ಸೂರಿನ ನೆರಳು ಬೀಳುವ ಭಾಗ ಇನ್ನೂ ಗಟ್ಟಿಯಾಗಿವೆ. ಅಂದರೆ ಬರುವ ಸೆಪ್ಟೆಂಬರಿನಲ್ಲಿ ಮತ್ತೆ ಹಚ್ಚಿಸಬೇಕು. ಈ ಸಲ ಕಳಚುವುದಿಲ್ಲ, ಉಜ್ಜುವುದಿಲ್ಲ. ಸೌಮ್ಯವಾಗಿ ತೊಳೆದು, ಬ್ರೈಟನರ್ ಹಾಯಿಸಿ, ಒಣಗಿಸಿ, ಒಂದು ಕೋಟ್. ಅದಕ್ಕೆ ಅವರು ಹೇಳಿರುವ ದರ ಮೊದಲಿನದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಆ 900 ಡಾಲರಿನ ದಾರಿ ಹಿಡಿದಿದ್ದರೆ ಹಳೆಯ ಅಕ್ರಿಲಿಕ್ಕೂ ಅದರ ಮೇಲಿನ ಸೀಲರೂ ಸೇರಿ ಕಳಚುವ ಕೆಲಸ ಇನ್ನಷ್ಟು ದುಬಾರಿಯಾಗಿ ನಮ್ಮ ಮುಂದೆ ಉಳಿದಿರುತ್ತಿತ್ತು.

ನಿಮ್ಮ ಡೆಕ್ಕಿಗೆ ಈ ಮೊದಲು ಎಣ್ಣೆಯ ಸ್ಟೇನ್ ಮಾತ್ರ ಹಚ್ಚಿದ್ದರೆ, ಅಥವಾ ಏನನ್ನೂ ಹಚ್ಚದೆ ಬೂದಿಬಣ್ಣಕ್ಕೆ ತಿರುಗಿದ್ದರೆ, ಇಷ್ಟು ಹಣ ಕೊಡಬೇಕಾಗಿಲ್ಲ. ಪರ್‌ಕಾರ್ಬೊನೇಟ್ ಪುಡಿ, ಉದ್ದ ಹಿಡಿಯ ಬ್ರಷ್, ಆಕ್ಸಾಲಿಕ್ ಆಮ್ಲ ಮತ್ತು ಮಳೆಯಿಲ್ಲದ ಒಂದು ವಾರ ಸಿಕ್ಕಿದರೆ ಮನೆಯವರೇ ಮಾಡಬಹುದಾದ ಕೆಲಸ ಅದು. ಗಟ್ಟಿ ಅಕ್ರಿಲಿಕ್ ಕೂತಿದ್ದರೆ ಮಾತ್ರ ಇಂಥವರನ್ನು ಕರೆಯಿರಿ, ರೇಲಿಂಗ್ ಬಳಿಯಲು ಯಾರು ಬರುತ್ತಾರೆ ಎಂದು ಮೊದಲೇ ಕೇಳಿ, ಮತ್ತು ಬಾಗಿಲಿನ ಹೊಸ್ತಿಲಿಗೆ ಅಂಟಿಸಿದ ಪಟ್ಟಿಯನ್ನು ಸ್ಟ್ರಿಪ್ಪರ್ ಹಚ್ಚುವ ಮುನ್ನ ನೀವೇ ಒಮ್ಮೆ ಒತ್ತಿ ನೋಡಿ.